ಇನ್ನೂರಾ ಹದಿನಾಲ್ಕು ದಡಿ

ನಾನು ಬೈಯುವ ಹೆಣ್ಣು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬನಹಟ್ಟಿಯಲ್ಲಿ ಯಾರನ್ನು ಕೇಳಿದರೂ ನಂದಾ ಅಂದರೆ ಬಾಯಿ ಜೋರು ಅಂತಲೇ ಹೇಳುತ್ತಾರೆ. ಓಣಿಯ ನಲ್ಲಿಗೆ ನೀರು ಬರದಿದ್ದರೆ ನನ್ನನ್ನೇ ಮುಂದೆ ಮಾಡಿ ಕರೆದೊಯ್ಯುತ್ತಾರೆ. ಮಹಾನವಮಿಯ ದಿನ ಮುಧೋಳದಲ್ಲಿ ಕೂತು ನಾನು ಯಾರ್ಯಾರನ್ನು ಬೈದೆ, ಯಾರನ್ನು ಬೈಯದೆ ಬಿಟ್ಟೆ ಎಂಬುದನ್ನು ಈಗ ಹೇಳುತ್ತೇನೆ. ಕೇಳಿದ ಮೇಲೆ ನೀವು ನನ್ನನ್ನು ಬೈದರೆ ತಿರುಗಿ ಬೈಯುವುದಿಲ್ಲ.

ನಮ್ಮದು ನೇಕಾರರ ಮನೆ. ನನ್ನ ಮಾವ ಬಸಗೊಂಡಪ್ಪ ನಲವತ್ತು ವರ್ಷ ಸೀರೆಯ ದಡಿ ಬರೆದವರು. ದಡಿ ಅಂದರೆ ಸೀರೆಯ ಅಂಚು. ಅದರ ಹೂವು, ಬಳ್ಳಿ, ಹಕ್ಕಿ ಎಲ್ಲವನ್ನೂ ಮೊದಲು ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿ ಬರೆಯಬೇಕು, ಆಮೇಲೆ ಅದು ಮಗ್ಗಕ್ಕೆ ಹೋಗುತ್ತದೆ. ಅವರ ಕೈ ನಡುಗಲು ಶುರುವಾದ ಮೇಲೆ, ಎರಡು ವರ್ಷ ಕೂತು ಅವರು ದಡಿ ಬರೆದಿಟ್ಟ ವಹಿಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದವಳು ನಾನು. ಒಟ್ಟು ಇನ್ನೂರಾ ಹದಿನಾಲ್ಕು ದಡಿ. ವಹಿಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಪೂಜೆ ಮಾಡಿದ ವಸ್ತುವನ್ನು ಕಸಕ್ಕೆ ಹಾಕಬಾರದೆಂದು ಮಾವ ತಾವೇ ಗಲಗಲಿಗೆ ಹೋಗಿ ಅವನ್ನು ಕೃಷ್ಣೆಗೆ ಬಿಟ್ಟು ಬಂದರು. ಹೀಗಾಗಿ ಅವು ಈಗ ಇದ್ದದ್ದು ಒಂದೇ ಕಡೆ, ನಮ್ಮ ನಡುಮನೆಯ ಮೂಲೆಯ ಕಂಪ್ಯೂಟರಿನಲ್ಲಿ. ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಡು ಅಂದವರಿದ್ದರು. ನಾನೇ ಇಡಲಿಲ್ಲ. ನಮ್ಮೂರಲ್ಲಿ ದಡಿ ಕದಿಯುವವರಿಗೇನೂ ಬರವಿಲ್ಲ.

ಮೊದಲು ನಮಗೆ ಆರು ಮಗ್ಗ ಇದ್ದವು. ನಾಲ್ಕು ಬೀಳಗಿಯವನೊಬ್ಬನಿಗೆ ಹೋದವು. ಉಳಿದೆರಡನ್ನು ಗುಜರಿಯವನೂ ಕೇಳಲಿಲ್ಲ. ನನ್ನ ಗಂಡ ರಾಜಕುಮಾರ ಸ್ವಂತ ಮಗ್ಗದ ಮನೆಗೆ ಬೀಗ ಹಾಕಿ, ಇನ್ನೊಬ್ಬರ ಮಗ್ಗದ ಮುಂದೆ ಪಾಳಿಗೆ ನಿಲ್ಲುತ್ತಿದ್ದ. ದಿನಾ ಬೆಳಿಗ್ಗೆ ಆ ಬೀಗದ ಮುಂದಿನಿಂದಲೇ ಹಾಯ್ದು ಹೋಗಬೇಕು. ಅವನು ಆ ಕಡೆ ನೋಡುವುದನ್ನೇ ಬಿಟ್ಟಿದ್ದ.

ಅಷ್ಟರಲ್ಲಿ ಇಚಲಕರಂಜಿಯ ವ್ಯಾಪಾರಿ ಅಮೋಲ ಸಿಕ್ಕ. ಅವನ ಮಾತು ಸೀದಾ ಇತ್ತು. ಇನ್ನೂರಾ ಹದಿನಾಲ್ಕೂ ದಡಿ ಅವನಿಗೆ, ಹೊಸ ಕಂಪ್ಯೂಟರ್ ಮಗ್ಗ ನಾಲ್ಕು ನಮಗೆ. ಕಾಗದದಲ್ಲಿ ಇನ್ನೊಂದು ಸಾಲಿತ್ತು: ಕೊಟ್ಟ ಮೇಲೆ ಆ ದಡಿಗಳನ್ನು ನಾವು ನೇಯುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಆ ಸಾಲನ್ನು ಗಂಡನಿಗೆ ಓದಿ ಹೇಳಿದೆ, ಮಾವನಿಗೆ ಹೇಳಲಿಲ್ಲ. "ದಡಿ ತೋರಿಸಿದ್ರ ಮಗ್ಗ ಕೊಡ್ತಾರಂತ್ರಿ ಮಾವ" ಅಂದೆ. ಅವರು "ಛಲೋ ಆತು ಬಿಡವಾ" ಅಂದರು. ಅರ್ಧ ಹೇಳಿದರೆ ಅದೇನು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಮೋಲ ಕೊನೆಯ ಮಾತು ಹೇಳಿದ್ದು ಅಷ್ಟಮಿಯ ಸಂಜೆ. ಅವನಿಗೆ ದಸರೆಯ ದಿನವೇ ಹೊಸ ದಡಿ ಮಗ್ಗಕ್ಕೇರಬೇಕು. ನವಮಿಯ ಮಧ್ಯಾಹ್ನ ಎರಡರೊಳಗೆ ಕೈಗೆ ಬರಬೇಕು. ಇಲ್ಲವಾದರೆ ಬೇರೆಯವರದು ತಗೊಳ್ಳುತ್ತಾನೆ. ಆದರೆ ಅಷ್ಟರಲ್ಲಿ ನಮ್ಮ ಮನೆಯಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ, ಆಗಿಬಿಟ್ಟಿತ್ತು. ಲಾಳಿ, ಕತ್ತರಿ, ಪಾನಾಗಳ ಜೊತೆ ಮಾವ ಕಂಪ್ಯೂಟರಿಗೂ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದ್ದರು. ಒಮ್ಮೆ ಪೂಜೆಯಾಯಿತೆಂದರೆ ದಸರೆಯ ದಿನ ಬನ್ನಿ ಕೊಟ್ಟು ತಗೊಳ್ಳುವವರೆಗೆ ಆ ಸಾಮಾನಿಗೆ ಯಾರೂ ಕೈ ಹಚ್ಚುವಂತಿಲ್ಲ. ಮಾವನದು ಇನ್ನೊಂದು ನೇಮ ಇತ್ತು. ನೂಲು ಇಲ್ಲದ ಮಗ್ಗಕ್ಕೆ ಪೂಜೆ ಮಾಡಬಾರದು, ಹಾಗೆಯೇ ಬಂದ್ ಆದ ಕಂಪ್ಯೂಟರಿಗೂ ಮಾಡಬಾರದು. ಅದು ರಾತ್ರಿಯೆಲ್ಲ ಚಾಲೂ ಇರಬೇಕು, ಪರದೆ ಬೆಳಗುತ್ತಿರಬೇಕು.

ನನಗೂ ಅದೇ ಬೇಕಾಗಿತ್ತು. ಮನೆಯ ಕಂಪ್ಯೂಟರನ್ನು ದೂರದಿಂದ ನಡೆಸುವ ಆ್ಯಪು ನನ್ನ ಫೋನಿನಲ್ಲಿತ್ತು. ಬೆಳಿಗ್ಗೆ ಹೊರಡುವ ಮುಂದೆ ಮಾವನನ್ನೇ ಕೇಳಿದೆ.

"ಕೈ ಹಚ್ಚಬಾರದು, ಅಷ್ಟ ಅಲ್ಲೇನ್ರಿ? ನಾ ಮುಧೋಳದಾಗ ಕುಂತು ಫೋನಿನ್ಯಾಗ ತಗದ ತೋರಿಸಿದ್ರ, ಕೈ ಹಚ್ಚಿಧಂಗ ಆಗತೈತೇನು?"

ಮಾವ ಒಂದು ಗಳಿಗೆ ಯೋಚಿಸಿದರು. "ಇಲ್ಲವಾ. ದೂರಿಂದ ನೋಡಿದ್ರ ಎಂಥಾ ದೋಷ? ಕೈ ಹಚ್ಚಬಾರದು, ಅಷ್ಟ."

ಪೂಜೆ ಛಂದ ಕಂಡಿತೆಂದು ಒಂದು ಫೋಟೊ ಹೊಡೆದು ನೇಕಾರರ ವಾಟ್ಸಾಪ್ ಗುಂಪಿಗೆ ಹಾಕಿ, ಮಹಾಲಿಂಗಪುರದ ಮೇಲಿನ ಬಸ್ಸು ಹತ್ತಿದೆ. ಗಂಡ ಹೊಳೆಯ ನೀರು ತರಲು ಬೈಕು ತಗೊಂಡು ಗಲಗಲಿಗೆ ಹೋಗಿದ್ದ. ಮನೆಯಲ್ಲಿ ಮಾವ ಮತ್ತು ಹೋಳಿಗೆಯ ಒಲೆಯ ಮುಂದೆ ಅತ್ತೆ ಅನಸವ್ವ, ಇಬ್ಬರೇ.

ಅಮೋಲನ ಗೋದಾಮು ಮುಧೋಳದ ಬಸ್‌ಸ್ಟ್ಯಾಂಡಿನ ಹಿಂದೆ. ಮಾಳಿಗೆಯ ಮೇಲೆ ಬಟ್ಟೆಯ ಗಂಟುಗಳ ನಡುವೆ ಒಂದು ಮೇಜು, ಎರಡು ಕುರ್ಚಿ. ಚಹಾ ಬಂತು. ಕಾಗದಕ್ಕೆ ಸಹಿ ಹಾಕಿದೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಇನ್ನು ಮನೆಯ ಕಂಪ್ಯೂಟರಿನಿಂದ ದಡಿಗಳ ಕಡತವನ್ನು ಅಮೋಲನಿಗೆ ಕಳಿಸಿದರೆ ಮುಗಿಯಿತು. ಫೋನು ತೆಗೆದು ಆ್ಯಪು ಒತ್ತಿದೆ. ನಮ್ಮ ಮನೆಯ ಪರದೆ ನನ್ನ ಅಂಗೈಯಲ್ಲಿ ತೆರೆದುಕೊಂಡಿತು.

ಪರದೆಯ ಮೇಲೆ ಬಾಣ ಓಡಾಡುತ್ತಿತ್ತು.

ನನ್ನ ಬೆರಳು ಇನ್ನೂ ಫೋನಿಗೆ ತಾಗಿರಲೇ ಇಲ್ಲ. ಕಡತ ತೆರೆದಿತ್ತು, ಒಂದು ದಡಿ ದೊಡ್ಡದಾಗಿ ಪರದೆ ತುಂಬಾ ನಿಂತಿತ್ತು. ಬಾಣ ಅದರ ಮೇಲೆ ಮೆಲ್ಲಗೆ ಆ ತುದಿಯಿಂದ ಈ ತುದಿಗೆ ಹೋಯಿತು. ಆಮೇಲೆ ದಡಿ ಮುಚ್ಚಿತು. ಅಳಿಸಬೇಕೇ ಎಂದು ಕಂಪ್ಯೂಟರು ಕೇಳಿತು. ಬಾಣ ಹೋಗಿ ಹೌದು ಎಂಬುದರ ಮೇಲೆ ಒತ್ತಿತು. ಕಡತದ ಕೆಳಗೆ ಲೆಕ್ಕ ತೋರಿಸುತ್ತಿತ್ತು: ಅರವತ್ತೊಂದು. ಇನ್ನೂರಾ ಹದಿನಾಲ್ಕರಲ್ಲಿ ಉಳಿದದ್ದು ಅರವತ್ತೊಂದು!

"ಯವ್ವಾ!" ಎಂದು ಚೀರಿದೆ.

ಅಮೋಲ ಎದ್ದು ಬಂದ. "ಏನಾತ್ರಿ ವೈನೀ? ಯಾರದು? ಇನ್ನೊಬ್ಬರಿಗೂ ಕೊಡಾಕತ್ತೀರೇನು?"

"ನಿಮ್ಮ ತಲಿ! ಕಳ್ಳ ಹೊಕ್ಕಾನ್ರಿ ಮನಿಗೆ!"

ನನ್ನ ಬೆರಳಿನಿಂದ ಬಾಣವನ್ನು ಈ ಕಡೆ ಎಳೆದೆ. ಅವನು ಆ ಕಡೆ ಎಳೆದ. ಒಂದೇ ಬಾಣ, ಎರಡು ಕೈ. ಮೂಲೆಯ ಸಣ್ಣ ಕಿಟಕಿಯಲ್ಲಿ ಒಳಗೆ ಇಬ್ಬರಿದ್ದಾರೆಂದು ತೋರಿಸುತ್ತಿತ್ತು. ಅಲ್ಲಿ ಒತ್ತಿ ಅವನ ಸಂಪರ್ಕ ಕಡಿದೆ. ಪರದೆ ಶಾಂತವಾಯಿತು, ಉಸಿರು ಬಿಟ್ಟೆ. ಅರ್ಧ ನಿಮಿಷವೂ ಆಗಿರಲಿಲ್ಲ, ಮತ್ತೆ ಬಂದ. ಮತ್ತೆ ಕಡಿದೆ, ಮತ್ತೆ ಬಂದ. ಗುಪ್ತಸಂಖ್ಯೆ ಬದಲಿಸೋಣವೆಂದು ಹೋದರೆ, ಅದನ್ನು ಕಂಪ್ಯೂಟರಿನ ಮುಂದೆ ಕೂತವರೇ ಬದಲಿಸಬೇಕು ಎಂದು ಹೇಳಿತು. ಈ ಎಳೆದಾಟದಲ್ಲೇ ಐವತ್ತೆಂಟಾಯಿತು.

ಅಮೋಲ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ. "ಅಳಿಸಿದ್ದೆಲ್ಲಾ ಕಸದ ಬುಟ್ಯಾಗ ಇರ್ತಾವಲ್ರಿ. ಅದನ್ನ ತೆಗೀರಿ, ವಾಪಸ್ ತರ್ರಿ."

"ತೆಗದ್ರ ಅವಂಗೂ ಕಾಣ್ತೈತಿ. ಪರದೆ ಒಂದ ಅಲ್ಲೇನ್ರಿ? ಬುಟ್ಟಿ ಖಾಲಿ ಮಾಡಿಬಿಟ್ರ ಎಲ್ಲಾ ಹ್ವಾದಂಗ."

ಅವನಿಗೆ ಅದು ತಿಳಿಯಿತು. ನನಗೂ ಒಂದು ತಿಳಿಯಿತು. ಈ ಕಳ್ಳ ಬುಟ್ಟಿಯ ಕಡೆಗೆ ಒಮ್ಮೆಯೂ ಹೋಗಿಲ್ಲ, ಅವನಿಗೆ ಅದು ಗೊತ್ತಿಲ್ಲ. ಗೊತ್ತಾಗುವವರೆಗೆ ಮಾತ್ರ ನಮ್ಮ ದಡಿ ಜೀವಂತ. ಕಂಪ್ಯೂಟರನ್ನು ಇಲ್ಲಿಂದಲೇ ಬಂದ್ ಮಾಡಿಬಿಡೋಣವೆಂದು ಬೆರಳು ಅಲ್ಲಿಗೆ ಹೋಯಿತು. ಆದರೆ ಬಂದ್ ಮಾಡಿದರೆ ನಾಳೆ ಬನ್ನಿಯವರೆಗೆ ಗುಂಡಿ ಒತ್ತುವವರು ಯಾರು? ಎರಡು ಗಂಟೆಗೆ ಅಮೋಲ ಹೋಗುತ್ತಾನೆ, ಅವನ ಹಿಂದೆ ನಾಲ್ಕು ಮಗ್ಗವೂ ಹೋಗುತ್ತವೆ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗಾಯಿತು ನನ್ನ ಸ್ಥಿತಿ.

ಗಂಡನಿಗೆ ಫೋನು ಹಚ್ಚಿದೆ, ಹತ್ತಲಿಲ್ಲ. ಹೊಳೆದಂಡೆಯಲ್ಲಿ ಯಾವಾಗಲೂ ಹಾಗೆಯೇ. ಬಾಣ ಕಣ್ಣಿಂದ ಮರೆಯಾಗದಿರಲೆಂದು ಸ್ಪೀಕರ್ ಹಾಕಿ ಮಾವನಿಗೆ ಹಚ್ಚಿದೆ. ಐದಾರು ಸಲ ಬಾರಿಸಿದ ಮೇಲೆ ಎತ್ತಿದರು.

"ಮಾವ, ಕಂಪ್ಯೂಟರದಾಗ ಕಳ್ಳ ಹೊಕ್ಕಾನ್ರಿ! ನಿಮ್ಮ ದಡಿ ಎಲ್ಲಾ ಅಳಸಾಕತ್ತಾನು. ಲಗೂನ ಅದರ ಮುಂದ ಹೋಗಿ ಕುಂದರ್ರಿ. ನಾ ಹೇಳಿದಲ್ಲೆ ಒಂದ ಬಟನ್ ಒತ್ರಿ, ಅವನ ಬಾಗಲಾ ಬಂದ್ ಆಗತೈತಿ."

ಆ ಕಡೆ ಮಂಚ ಕಿರುಗುಟ್ಟಿತು. ಆಮೇಲೆ, "ಪೂಜಿ ಆಗೇತಲ್ಲವಾ ಅದಕ್ಕ" ಅಂದರು.

"ಪೂಜಿ ಹಾಳಾಗ್ಲಿ! ನಲವತ್ತ ವರ್ಷದ್ದು ಹೊಂಟೈತ್ರಿ!"

"ಕೈ ಹಚ್ಚಬಾರದು ನಂದಾ."

"ಬಟನ್ ಬ್ಯಾಡ, ವಾಯರ್ ಆದ್ರೂ ಕೀಳ್ರಿ! ಅತ್ತಿ ಕೈಯಾಗ ಕೊಡ್ರಿ ಫೋನು!"

"ಅಕಿ ಕೈಯಾಗ ಹೂರಣ ಐತಿ." ಮೆಲ್ಲಗೆ ಅಂದರು, "ಹ್ವಾದ್ರ ಹೋಗ್ಲಿ ಬಿಡವಾ. ನಮ್ಮವ ಇದ್ದು, ನಮ್ಮ ಮನ್ಯಾಗ ಹ್ವಾದ್ವು."

ಇಂಥ ಮಾತು ಆಡುವ ಮನುಷ್ಯ ಅವರಲ್ಲ. ವಯಸ್ಸಾಯಿತು, ಬುದ್ಧಿ ಮಂಕಾಯಿತು ಅಂದುಕೊಂಡೆ. "ಮುದುಕ್ರ ಹಟಕ್ಕ ಮದ್ದಿಲ್ಲ! ಮನಿ ಮುಳುಗಿದ್ರೂ ನಿಮಗ ನೇಮಾನ ದೊಡ್ಡದು!" ಎಂದು ಬಾಯಿಗೆ ಬಂದಂತೆ ಅಂದು ಫೋನು ಇಟ್ಟೆ. ಇಪ್ಪತ್ತು ವರ್ಷದಲ್ಲಿ ಮಾವನಿಗೆ ಹಾಗೆ ಅಂದಿದ್ದು ಅದೇ ಮೊದಲು.

"ವೈನೀ, ಒಂದ ಮಾತು" ಅಂದ ಅಮೋಲ. "ನೀವು ಫೋನಿನ್ಯಾಗ ಮಾತಾಡುವಾಗ ಅವಾ ನಿಂತಿದ್ದ. ಒಂದೂ ಅಳಿಸಲಿಲ್ಲ."

ನೋಡಿದೆ. ಐವತ್ತೇಳರಲ್ಲಿ ನಿಂತಿದ್ದ ಬಾಣ ಈಗ ಮತ್ತೆ ಎದ್ದಿತು. ಅಂದರೆ ನಾನು ಮಾತಾಡಿದ್ದು ಕಳ್ಳನಿಗೆ ಕೇಳಿಸುತ್ತದೆಯೇ? ಸುತ್ತಲೂ ನೋಡಿದೆ, ಗಂಟುಗಳ ಸಂದಿಯಲ್ಲೂ ನೋಡಿದೆ. ಮಾಳಿಗೆಯ ಮೇಲೆ ನಾವಿಬ್ಬರೇ.

ಆಗ ನೆನಪಾಯಿತು ನನಗೆ ಫೋಟೊ. ಗುಂಪು ತೆರೆದು ನೋಡಿದೆ. ಮಾಲೆ, ಕುಂಕುಮ, ಊದಿನಕಡ್ಡಿಯ ಹೊಗೆ, ಎಲ್ಲ ಛಂದ. ಹಿಂದೆ ಬೆಳಗುವ ಪರದೆ. ಅದರ ಮೇಲೆ ಆ್ಯಪಿನ ಒಂಬತ್ತು ಅಂಕಿಯ ನಂಬರು. ಮಾನಿಟರಿನ ಅಂಚಿಗೆ ನಾನೇ ಅಂಟಿಸಿದ ಚೀಟಿ, ಚೀಟಿಯಲ್ಲಿ ಗುಪ್ತಸಂಖ್ಯೆ, ಅದರ ಮೇಲೂ ಮಾವ ಹಚ್ಚಿದ ಒಂದು ಬೊಟ್ಟು ಕುಂಕುಮ. ಕೀಲಿಕೈಗೆ ಪೂಜೆ ಮಾಡಿ ಊರಿಗೆಲ್ಲ ತೋರಿಸಿದ್ದೆ! ಕೆಳಗೆ ಮೂವತ್ತು ಜನ ಕೈ ಮುಗಿದಿದ್ದರು. ಎಲ್ಲರಿಗಿಂತ ಮೊದಲು ನೋಡಿದವನು ಯಲ್ಲಾಲಿಂಗ.

ಯಲ್ಲಾಲಿಂಗ ರಬಕವಿಯವನು, ನನ್ನ ಹಾಗೆಯೇ ಕಂಪ್ಯೂಟರಿನಲ್ಲಿ ದಡಿ ಬರೆಯುತ್ತಾನೆ. ಹೋದ ವರ್ಷ ಒಂದು ಗಿರಾಕಿಯ ಸಲುವಾಗಿ ನಮ್ಮಿಬ್ಬರಿಗೂ ಜಗಳವಾಗಿ ಮಾತು ನಿಂತಿತ್ತು. ಅವನೇ, ಇನ್ಯಾರು! ಫೋನು ಹಚ್ಚಿದವಳೇ ಹಲೋ ಕೂಡ ಅನ್ನದೆ ಶುರು ಮಾಡಿದೆ.

"ಏ ಯಲ್ಲಾಲಿಂಗ, ಮೂರು ಬಿಟ್ಟಾಂವ! ಹಬ್ಬದ ದಿನ ಇನ್ನೊಬ್ಬರ ಮನಿ ಹೊಗಾಕ ನಾಚಿಕಿ ಬರಂಗಿಲ್ಲೇನು? ಕೈ ತಗಿ, ಈಗಿಂದೀಗ ಕೈ ತಗಿ!"

ಅವನು ಪೂರ್ತಿ ಕೇಳಿಸಿಕೊಂಡ. "ಮುಗೀತೇನ್ರೀ ನಂದಾಬಾಯಿ?" ಅಂದ. "ನಿಮ್ಮ ನಂಬರ ನಾ ನೋಡೇನಿ, ಖರೆ. ನೋಡಿದ ಕೂಡ್ಲೆ ನಿಮ್ಮ ಯಜಮಾನ್ರಿಗೆ ಫೋನ್ ಮಾಡೇನಿ, ಹತ್ತಲಿಲ್ಲ. ಫೋಟೊ ತಗೀರಿ ಅಂತ ನಿಮಗ ಮೆಸೇಜ್ ಹಾಕೇನಿ. ಓದೀರೇನು?"

ಓದಿರಲಿಲ್ಲ. ನೋಡಿದರೆ ಮೆಸೇಜು ಅಲ್ಲೇ ಇತ್ತು, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ. ಜಗಳವಾದ ಮೇಲೆ ಅವನ ಮೆಸೇಜುಗಳ ಬಾಯಿ ಮುಚ್ಚಿಸಿಟ್ಟವಳು ನಾನೇ.

"ತಪ್ಪಾತಪ್ಪಾ" ಅಂದೆ, ಅಳು ಬಂದಿತ್ತು. "ಏನ ಮಾಡ್ಲಿ ಈಗ? ಬಸಗೊಂಡಪ್ಪ ಮಾವನ ದಡಿ ಒಂದೊಂದ ಹೊಂಟಾವು."

ಅವನ ದನಿ ಬದಲಾಯಿತು. "ಅಜ್ಜಾರ ದಡಿ? ಎಲ್ಲಾ?" ಆಮೇಲೆ ಕೇಳಿದ, "ಏನ್ ಮಾಡಾಕತ್ತಾನ ಅವಾ? ಕಾಪಿ ಮಾಡಿ ಒಯ್ಯಾಕತ್ತಾನೇನು?"

"ಇಲ್ಲ. ತಗೀತಾನು, ದೊಡ್ಡದ ಮಾಡಿ ನೋಡ್ತಾನು, ಅಳಸ್ತಾನು."

"ಒಯ್ಯಂಗಿಲ್ಲ? ನೋಡಿ ಅಳಸ್ತಾನ? ಹಂಗಿದ್ರ ಅವಾ ಕಳ್ಳ ಅಲ್ರಿ. ಪರದಿ ಮ್ಯಾಲ ಬರೀರಿ, ಯಾರಂತ ಕೇಳ್ರಿ."

ಹದಿನಾರು ಉಳಿದಿದ್ದವು. ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ. ಅಮೋಲ ಕುರ್ಚಿಯಲ್ಲಿ ಕೂರುತ್ತಿದ್ದ, ಏಳುತ್ತಿದ್ದ. ಕಂಪ್ಯೂಟರಿನಲ್ಲಿ ಒಂದು ಬರೆಯುವ ಕಿಟಕಿ ತೆರೆದು ಬರೆದೆ.

"ಯಾರು ನೀನು? ಪೊಲೀಸರಿಗೆ ಹೇಳತೇನಿ."

ಬಾಣ ನಿಂತಿತು. ಆಮೇಲೆ ನನ್ನ ಸಾಲಿನ ಕೆಳಗೆ ಅಕ್ಷರ ಮೂಡತೊಡಗಿದವು, ಒಂದು, ಇನ್ನೊಂದು. ತಪ್ಪಾದರೆ ಅಳಿಸಿ, ಮತ್ತೆ ಬರೆದು.

"ಕೈ ಹಚ್ಚಿಲ್ಲ ನಂದಾ."

ಫೋನು ನನ್ನ ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು.

ಯುಗಾದಿಯ ಆಚೆ ಈಚೆ ಮಾವನಿಗೆ ಜಮಖಂಡಿಯಲ್ಲಿ ಕಣ್ಣಿನ ಆಪರೇಶನ್ ಆಗಿತ್ತು. ಪಟ್ಟಿ ಬಿಚ್ಚಿದ ದಿನ, ಎಲ್ಲಕ್ಕಿಂತ ಮೊದಲು ತಮ್ಮ ದಡಿ ನೋಡಬೇಕು ಅಂದರು. ಹಾಸಿಗೆಯ ಮೇಲೆಯೇ ಅವರ ಫೋನಿಗೆ ಆ್ಯಪು ಹಾಕಿ, ಬೆರಳಿಟ್ಟು ಹೀಗೆ ಎಳೆಯಿರಿ, ಹೀಗೆ ಒತ್ತಿರಿ, ಹೀಗೆ ಅಳಿಸುವುದು ಎಂದು ಕಲಿಸಿದವಳು ನಾನೇ. ಮರೆತೇಬಿಟ್ಟಿದ್ದೆ. ಪೂಜೆಯ ಕಂಪ್ಯೂಟರಿನಿಂದ ನಾಲ್ಕು ಮಾರು ದೂರದಲ್ಲಿ ಮಂಚದ ಮೇಲೆ ಕೂತು, ನೇಮ ಒಂದಿಷ್ಟೂ ಕೆಡದ ಹಾಗೆ, ಅವರು ಬೆಳಿಗ್ಗೆಯಿಂದ ತಮ್ಮ ನಲವತ್ತು ವರ್ಷವನ್ನು ಅಳಿಸುತ್ತಿದ್ದರು. ದೂರದಿಂದ ಮಾಡಿದರೆ ದೋಷವಿಲ್ಲ ಎಂದು ಬೆಳಿಗ್ಗೆ ಅವರ ಬಾಯಿಯಿಂದ ಹೇಳಿಸಿದವಳೂ ನಾನೇ.

"ಏನ್ ಬರದಾನ?" ಅಂದ ಅಮೋಲ. ಅವನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ.

"ಹೆದರಸಾಕತ್ತಾನ್ರಿ" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು! ಮತ್ತೆ ಬರೆದೆ. "ಮಾವ, ಯಾಕರೀ ಹಿಂಗ?"

"ಕಾಗದ ಓದಿದೆ. ನಮ್ಮ ದಡಿ ನಾವು ನೇಯಬಾರದಂತ."

ಅಮೋಲ ಮೊದಲೇ ಕಳಿಸಿದ್ದ ಕಾಗದದ ಪ್ರತಿಯನ್ನು ನಾನು ಕಂಪ್ಯೂಟರಿನ ಪರದೆಯ ಮೇಲೆಯೇ ಇಟ್ಟಿದ್ದೆ.

"ಮಗ್ಗ ನಾಕು ಬರ್ತಾವ್ರಿ" ಎಂದು ಬರೆದೆ. "ನಿಮ್ಮ ಮಗ ಮಂದೀ ಮಗ್ಗದ ಮುಂದ ನಿಲ್ಲೂದು ತಪ್ಪತೈತಿ."

"ಮಂದೀ ದಡಿ ನೇಯಾಕ ನಾಕು ಮಗ್ಗ ಯಾಕ?"

ಬೈಯುವ ಹೆಣ್ಣು ನಾನು, ಆ ಸಾಲನ್ನೇ ಎರಡು ಸಲ ಓದಿದೆ. ಅವರು ಬರೆಯುತ್ತಲೇ ಇದ್ದರು. "ನಿನ್ನ ಮ್ಯಾಲ ಸಿಟ್ಟಿಲ್ಲ. ಮಾರೂದಕ್ಕಿಂತ ನನ್ನ ಕೈಯಾಗ ಹ್ವಾದ್ರ ಛಲೋ. ಒಂದೊಂದ ನೋಡಿ ಅಳಸಾಕತ್ತೇನಿ. ಹದಿನಾರ ಉಳದಾವ. ತಡಿ."

ತಡೆದೆ. ಇನ್ನೇನು ಮಾಡಲಿ? ಹದಿನಾರು ದಡಿಗಳು ಒಂದಾದ ಮೇಲೆ ಒಂದು ನನ್ನ ಕಣ್ಣ ಮುಂದೆ ಬಂದು ಹೋದವು. ನವಿಲಿನದು, ಜೋಳದ ತೆನೆಯದು, ಕೈ ನಡುಗಲು ಶುರುವಾದ ವರ್ಷ ಬರೆದ ಸೊಟ್ಟ ಬಳ್ಳಿಯದು. ಕೊನೆಗೆ ಉಳಿದದ್ದು ಹುಣಸೆಹೂವಿನ ದಡಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಬರೆದ ಮೊದಲನೆಯದು. ಅದರ ಮೇಲೆ ಬಾಣ ಐದು ನಿಮಿಷ ಆಡಿತು. ಆಮೇಲೆ ಅದೂ ಹೋಯಿತು. ಕಡತದ ಕೆಳಗೆ ಸೊನ್ನೆ.

"ಆತು" ಎಂದು ಬರೆದರು. "ಉಣ್ಣಾಕ ಬಾ. ಹೋಳಗಿ ಆರ್ತಾವ."

ಮೂಲೆಯ ಕಿಟಕಿಯಲ್ಲಿ ಇಬ್ಬರಿದ್ದದ್ದು ಒಬ್ಬರಾಯಿತು. ಅವರು ಹೋದರು. ಅವರ ಪಾಲಿಗೆ ಎಲ್ಲ ಮುಗಿದಿತ್ತು. ಪರದೆಯ ಎಡಮೂಲೆಯಲ್ಲಿ ಕಸದ ಬುಟ್ಟಿ ತುಂಬಿ ನಿಂತಿತ್ತು.

"ಹ್ವಾದ್ನಲ್ರಿ!" ಅಮೋಲ ಕುರ್ಚಿ ಬಿಟ್ಟೆದ್ದ. "ಲಗೂ, ಲಗೂ. ಬುಟ್ಟಿ ತೆಗೀರಿ. ಒಂದು ನಲವತ್ತಾತು."

ಈಗ ನೀವು ಹೇಳಿ, ನಾನು ಏನು ಮಾಡಬೇಕಾಗಿತ್ತು? ಹೇಳುವುದು ಸುಲಭ. ನನ್ನ ಕಣ್ಣ ಮುಂದೆ ಹುಣಸೆಹೂವೂ ಇತ್ತು, ಬೀಗದ ಮುಂದೆ ತಲೆ ತಗ್ಗಿಸಿ ಹೋಗುವ ಗಂಡನೂ ಇದ್ದ. ನೇಯುವ ಮಗ್ಗವೇ ಇಲ್ಲದ ಮನೆಯಲ್ಲಿ ದಡಿ ಇದ್ದರೆಷ್ಟು, ಬಿಟ್ಟರೆಷ್ಟು ಎಂದು ಹೊಟ್ಟೆ ಹೇಳಿತು. ಒಬ್ಬ ಮುದುಕ ನಿನ್ನನ್ನು ನಂಬಿ ಉಣ್ಣಲು ಕರೆದಿದ್ದಾನೆ ಎಂದು ಎದೆ ಹೇಳಿತು. ಹೊಟ್ಟೆಯ ಮಾತು ಕೇಳಿದೆ. ಬುಟ್ಟಿ ತೆರೆದು ಎಲ್ಲವನ್ನೂ ಹಿಡಿದು, ಮರಳಿ ಇಡು ಎಂದು ಒತ್ತಿದೆ. ಒಂದೇ ಉಸಿರಿಗೆ ಇನ್ನೂರಾ ಹದಿನಾಲ್ಕೂ ವಾಪಸ್ ಬಂದವು. ಅವರು ಬೆಳಿಗ್ಗೆಯಿಂದ ಮಾಡಿದ್ದನ್ನು ನಾನು ಕಣ್ಣು ಮಿಟುಕಿಸುವುದರೊಳಗೆ ಕೆಡಿಸಿದೆ.

ಎರಡಕ್ಕೆ ಮೂರು ನಿಮಿಷ ಇರುವಾಗ ಎಲ್ಲ ಅಮೋಲನಿಗೆ ತಲುಪಿದವು. ಅವನು ಒಂದೆರಡನ್ನು ತೆಗೆದು ನೋಡಿ "ವ್ಹಾ!" ಅಂದ. ಹದಿನೈದು ದಿನದಲ್ಲಿ ಮಗ್ಗ ಮನೆಗೆ ಬರುತ್ತವೆ ಅಂದ, ನನ್ನ ಕೈಯಲ್ಲಿ ಪೇಢೆ ಇಟ್ಟ. ಆಮೇಲೆ ಕಾಗದದ ಮೇಲೆ ಬೆರಳಿಟ್ಟು ಆ ಸಾಲು ತೋರಿಸಿದ. ಮನೆಯಲ್ಲಿ ಪ್ರತಿ ಉಳಿಯುವಂತಿಲ್ಲ. ಮಾವ ಒಂದೊಂದೇ ನೋಡಿ ಅಳಿಸಿದ್ದನ್ನು ನಾನು ನೋಡದೆ ಒಟ್ಟಿಗೆ ಅಳಿಸಿದೆ. ಬುಟ್ಟಿಯನ್ನೂ ಖಾಲಿ ಮಾಡಿದೆ. ನಾವು ಬರೆದುಕೊಂಡ ಮಾತುಗಳನ್ನೂ ಉಳಿಸಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಮನೆ ಮುಟ್ಟಿದಾಗ ನಾಲ್ಕಾಗಿತ್ತು. ಗಂಡ ಉಂಡು ಹೊರಗೆ ಹೋಗಿದ್ದ. ಮಾವ ಊಟ ಮಾಡಿರಲಿಲ್ಲ, ನನಗಾಗಿ ಕಾದಿದ್ದರು. ಕಂಪ್ಯೂಟರು ಮಾಲೆ ಹಾಕಿಕೊಂಡು ಹಾಗೆಯೇ ಬೆಳಗುತ್ತಿತ್ತು. ಅತ್ತೆ ಇಬ್ಬರಿಗೂ ತಾಟು ಇಟ್ಟರು. ಮಾವ ಎಷ್ಟೋ ದಿನದ ಮೇಲೆ ಗೆಲುವಾಗಿ ಕಂಡರು.

"ನಂದಾ" ಅಂದರು, ಹೋಳಿಗೆ ಮುರಿಯುತ್ತ. "ಎರಡ ವರ್ಷ ಕುಂತು ಇಳಿಸಿದ್ದಿ. ನಿನ್ನ ಕೇಳದ ಅಳಿಸಿಬಿಟ್ಟೆ. ನಿನ್ನ ಕೆಲಸಾನೂ ಹಾಳ ಮಾಡಿದೆ. ತಪ್ಪಾತವಾ, ಹೊಟ್ಟ್ಯಾಗ ಹಾಕ್ಕೋ."

ಅವರು ನನ್ನಲ್ಲಿ ಕ್ಷಮೆ ಕೇಳುತ್ತಿದ್ದಾರೆ! "ಇರ್ಲಿ ಬಿಡ್ರಿ ಮಾವ" ಅಂದೆ. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

"ಮಗ್ಗ ಬರ್ಲಿಲ್ಲಂದ್ರ ಬರ್ಲಿಲ್ಲ. ಮೂಲ್ಯಾಗ ಎರಡ ಅದಾವಲ್ಲ, ಅವನ್ನ ರಿಪೇರಿ ಮಾಡೂಣು. ನಾಳೆ ಬನ್ನಿ ಮುಗಿಸಿ ಹೊಸಾ ವಹಿ ತರ್ತೇನಿ. ನಾ ಹೇಳ್ತೇನಿ, ನೀ ಬರಿ. ಹುಣಸಿಹೂವಿಂದ ಸುರು ಮಾಡೂಣು."

ಹಳೆಯ ನೇಕಾರರು ದಡಿಯನ್ನು ಬಾಯಿಯಿಂದ ಹೇಳುತ್ತಾರೆ, ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂದು. ಮಾವ ಅಲ್ಲಿಯೇ, ಊಟದ ತಾಟಿನ ಮುಂದೆ, ಕಣ್ಣು ಮುಚ್ಚಿ ಶುರು ಮಾಡಿದರು. "ಎರಡ ಎತ್ತು, ಮೂರ ಬಿಡು. ಒಂದ ಎತ್ತು, ಐದ ಬಿಡು. ಎರಡ ಎತ್ತು, ಎರಡ ಬಿಡು..." ನಾಲ್ಕನೆಯ ಸಾಲಿಗೆ ಬಂದು ತಡವರಿಸಿದರು. ಹಿಂದೆ ಹೋಗಿ ಮತ್ತೆ ಹೇಳಿದರು, ಮತ್ತೆ ಅಲ್ಲಿಯೇ ನಿಂತರು. ಕಣ್ಣು ತೆರೆದು ನನ್ನನ್ನು ನೋಡಿದರು.

"ಮುಂದ ಏನಿತ್ತವಾ?"

ನನಗೆ ಗೊತ್ತಿತ್ತು. ಆದರೆ ಆ ದಡಿ ಈಗ ಅಮೋಲನದು, ಹೇಳಬಾರದೆಂದು ತುಟಿ ಬಿಗಿ ಹಿಡಿದೆ. ಅವರು ನೋಡುತ್ತಲೇ ಇದ್ದರು.

"ಮೂರ ಎತ್ತು, ಒಂದ ಬಿಡು, ಮತ್ತ ಮೂರ ಎತ್ತು" ಅಂದೆ.

ಅವರ ಮುಖ ಅರಳಿತು. ಅತ್ತೆಯ ಕಡೆ ತಿರುಗಿ, "ಕೇಳಿದೇನ? ಎಲ್ಲಾ ಇಕಿ ತಲ್ಯಾಗ ಅದಾವು. ಇನ್ನ ಯಾವನೂ ಒಯ್ಯಾಕ ಆಗೂದಿಲ್ಲ!" ಅಂದರು.

ಅತ್ತೆ ನಗುತ್ತ ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.